ಹಳದಿ ಕೆಂಪಿನ ಅಡಿಗಿರೋ ಬಿಳಿ

ಅಕ್ಟೋಬರ್ ಬಂತು ಅಂದ್ರೆ ನಮ್ಮ ಪ್ರಿಂಟಿಂಗ್ ಅಂಗಡಿಗೆ ಬರೋರೆಲ್ಲ ಕೇಳೋದು ಒಂದೇ, ಕಪ್ಪು ಟೀ ಶರ್ಟ್ ಮೇಲೆ ಹಳದಿ ಕೆಂಪಲ್ಲಿ ಕನ್ನಡ. 2024ರಲ್ಲಂತೂ ದೀಪಾವಳಿ, ರಾಜ್ಯೋತ್ಸವ ಎರಡೂ ಒಟ್ಟಿಗೆ ಬಂದಿತ್ತಲ್ಲ, ಹುಡುಗ್ರೆಲ್ಲ ಊರಿಗೆ ಹೊರಡೋ ಟೈಮಲ್ಲೇ ಒಂದು ಅಪಾರ್ಟ್‌ಮೆಂಟಿನ ಕನ್ನಡ ಸಂಘದ ಆರ್ಡರ್ ಬಂತು. ಮುಂದೆ ಎಲ್ಲರಿಗೂ ‘ರಾಜ್ಯೋತ್ಸವ’, ಹಿಂದೆ ಅವರವರ ಹೆಸರು. ಎಲ್ಲಾ ಒಂದೇ ಥರ ಇದ್ದಿದ್ರೆ ಸ್ಕ್ರೀನ್ ಪ್ರಿಂಟಿಂಗಿಗೆ ಕೊಟ್ಬಿಡಬಹುದಿತ್ತು, ಹೆಸರಿಗೊಂದು ಸ್ಕ್ರೀನ್ ಮಾಡೋಕಾಗುತ್ತಾ, ಬಟ್ಟೆ ಮೇಲೆ ನೇರವಾಗಿ ಇಂಕ್ ಹೊಡೆಯೋ ಡಿಟಿಜಿ ಮಷೀನೇ ಗತಿ.

ಹೊಸದಾಗಿ ಸೇರಿದ್ದ ಹುಡುಗ ಕೇಳ್ದ, “ಅಕ್ಕ, ಹಳದಿ ಇಂಕ್ ಇದ್ಯಲ್ಲ, ನೇರವಾಗಿ ಹೊಡೆದ್ರೆ ಆಗಲ್ವಾ?” ಬಾಯಲ್ಲಿ ಹೇಳೋದಕ್ಕಿಂತ ತೋರಿಸೋದೇ ವಾಸಿ ಅಂತ ವೇಸ್ಟ್ ಶರ್ಟ್ ಮೇಲೆ ಹೊಡೆದು ತೋರಿಸಿದೆ. ಹಳದಿ ಕಾಣಲೇ ಇಲ್ಲ, ಬಟ್ಟೆ ಒದ್ದೆಯಾದಂಗೆ ಒಂದು ಗುರುತು ಅಷ್ಟೇ. ಈ ಕಲರ್ ಇಂಕೆಲ್ಲ ಪಾರದರ್ಶಕ, ಅಡಿಗೆ ಬಿಳಿ ಇದ್ರೆ ಮಾತ್ರ ಬಣ್ಣ ಎದ್ದು ಬರೋದು, ಅದಕ್ಕೇ ಕಪ್ಪು ಬಟ್ಟೆ ಮೇಲೆ ಮೊದಲು ಬಿಳಿ ಹಾಕಿ ಆಮೇಲೆ ಹಳದಿ ಕೆಂಪು ಹಾಕ್ಬೇಕು. ಅದಕ್ಕೂ ಮುಂಚೆ ಪ್ರೀಟ್ರೀಟ್‌ಮೆಂಟ್ ಲಿಕ್ವಿಡ್ ಸ್ಪ್ರೇ ಮಾಡಿ ಹೀಟ್ ಪ್ರೆಸ್ಸಲ್ಲಿ ಒಣಗಿಸ್ಬೇಕು. ಅದ್ರಲ್ಲಿರೋ ಉಪ್ಪಿನಂಶ ತಾಗಿದ ತಕ್ಷಣ ಬಿಳಿ ಇಂಕ್ ನೂಲಿನೊಳಗೆ ಇಳಿಯದೆ ಮೇಲೇ ಗಟ್ಟಿಯಾಗಿ ನಿಲ್ಲುತ್ತೆ, ಸ್ಪ್ರೇ ಕಮ್ಮಿಯಾದ್ರೆ ಬಿಳಿ ಬೂದಿ ಬಣ್ಣ ಆಗುತ್ತೆ, ಜಾಸ್ತಿಯಾದ್ರೆ ಪ್ರಿಂಟ್ ಸುತ್ತ ಚೌಕಾಕಾರದ ಕಲೆ.

ಬಿಳಿ ಇಂಕಿನ ಬಣ್ಣ ಬರೋದು ಟೈಟಾನಿಯಂ ಡೈಆಕ್ಸೈಡ್‌ನಿಂದ. ಅದರ ಕಣ ಭಾರ, ಸುಮ್ನೆ ಬಿಟ್ರೆ ತಳ ಸೇರ್ಕೊಂಡು, ಇಂಕ್ ಹೊಡೆಯೋ ಹೆಡ್ಡಿನ ನಾಝಲ್, ಅಂದ್ರೆ ಸಣ್ಣ ಸಣ್ಣ ತೂತುಗಳು, ಕಟ್ಟಿಕೊಳ್ಳುತ್ತೆ. ಅವತ್ತು ಬೆಳಿಗ್ಗೆ ಎಲ್ಲಾ ತೂತಿಂದ್ಲೂ ಇಂಕ್ ಬರ್ತಿದ್ಯಾ ಅಂತ ನೋಡೋಕೆ ಗೆರೆಗಳ ನಾಝಲ್ ಚೆಕ್ ಹೊಡೆದಾಗ (ಬಿಳಿ ಹಾಳೆ ಮೇಲೆ ಬಿಳಿ ಗೆರೆ ಕಾಣಲ್ಲ, ಅದಕ್ಕೆ ಪಾರದರ್ಶಕ ಶೀಟ್ ಮೇಲೆ ಹೊಡೆದು ಅಡಿಗೆ ಕಪ್ಪು ಬಟ್ಟೆ ಇಟ್ಟು ನೋಡ್ತೀವಿ) ನಡುನಡುವೆ ಗೆರೆಗಳೇ ಇಲ್ಲ. ಕಾರ್ಟ್ರಿಡ್ಜ್ ತೆಗೆದು ಮೆಲ್ಲಗೆ ಅಲ್ಲಾಡಿಸಿ, ಸ್ವಾಬಿಗೆ ಕ್ಲೀನಿಂಗ್ ಲಿಕ್ವಿಡ್ ಹಚ್ಚಿ ಹೆಡ್ಡಿನ ಕ್ಯಾಪ್ ಸುತ್ತ ಅಂಟಿದ್ದ ಒಣ ಇಂಕನ್ನ ಒರೆಸಿ, ಆಮೇಲೆ ಹೆಡ್ ಕ್ಲೀನಿಂಗ್ ಕೊಟ್ಟೆ. ಪ್ರತಿ ಕ್ಲೀನಿಂಗಿಗೂ ಇಂಕ್ ಸುಮ್ನೆ ಹರಿದು ಹೋಗೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ, ಕಪ್ಪು ಶರ್ಟಿನ ಕೆಲಸದಲ್ಲಿ ಜಾಸ್ತಿ ಖರ್ಚಾಗೋದೇ ಬಿಳಿ ಇಂಕು. ಮಧ್ಯಾಹ್ನದ ಹೊತ್ತಿಗೆ ಗೆರೆಗಳೆಲ್ಲ ಪೂರ್ತಿ ಬಂದ್ವು.

ಶರ್ಟಿನ ಮುಂಭಾಗದ ‘ರಾಜ್ಯೋತ್ಸವ’ ಚೆನ್ನಾಗೇ ಬಂತು. ಕಷ್ಟ ಶುರುವಾಗಿದ್ದು ಹೆಸರುಗಳಲ್ಲಿ, ಅದ್ರಲ್ಲೂ ‘ಲಕ್ಷ್ಮಮ್ಮ’. ಬಿಳಿ ಪದರ ಬಣ್ಣದಿಂದ ಆಚೆ ಇಣುಕಬಾರ್ದು ಅಂತ ಸಾಫ್ಟ್‌ವೇರಲ್ಲಿ ಅದನ್ನ ಸುತ್ತಲೂ ಒಂದೆರಡು ಪಿಕ್ಸೆಲ್ ಒಳಕ್ಕೆ ಎಳೆದಿರ್ತೀವಿ. ದಪ್ಪ ಅಕ್ಷರಕ್ಕೆ ಅದು ಸರಿ, ಆದ್ರೆ ಕ್ಷ್ಮದ ಕೆಳಗಿರೋ ಸಣ್ಣ ಒತ್ತಿನ ಗೆರೆಗೆ ಎರಡೂ ಕಡೆಯಿಂದ ಎಳೆದ್ರೆ ಉಳಿಯೋದೇನು, ಅಡಿಗೆ ಬಿಳಿಯೇ ಇಲ್ಲದೆ ಒತ್ತು ಮಂಕಾಗಿ ಕಪ್ಪಲ್ಲೇ ಸೇರಿಹೋಯ್ತು. ಎಳೆಯೋದನ್ನ ಪೂರ್ತಿ ಬಿಟ್ರೆ ಬಿಳಿ ಹರಡಿ ಒತ್ತಿನ ಒಳಗಿನ ಖಾಲಿ ಜಾಗ ಮುಚ್ಕೊಂಡು ಒಂದು ಮುದ್ದೆ. ದೂರದಿಂದ ಯಾರಿಗೂ ಗೊತ್ತಾಗಲ್ಲ ಬಿಡಿ ಅಂತ ಹುಡುಗ ಅಂದ, ನಂಗೆ ಒಪ್ಪಿಗೆ ಆಗ್ಲಿಲ್ಲ. ಕನ್ನಡದ ಹಬ್ಬಕ್ಕೆ ಹಾಕ್ಕೊಳ್ಳೋ ಬಟ್ಟೆ ಮೇಲೆ ಒಂದಜ್ಜಿಯ ಹೆಸರಲ್ಲಿ ಒತ್ತು ಕಾಣ್ದಿದ್ರೆ ಹೇಗೆ? ಫಾಂಟ್ ಬದಲಾಯಿಸಿ, ಒತ್ತಕ್ಷರಗಳನ್ನಷ್ಟೇ ಬೇರೆ ಮಾಡಿ ಕೈಯಲ್ಲೇ ಸ್ವಲ್ಪ ದಪ್ಪ ಮಾಡಿ, ಒಳಗಿನ ಜಾಗ ಅಗಲಿಸಿ, ಬಿಳೀನ ಒಂದೇ ಪಿಕ್ಸೆಲ್ ಒಳಕ್ಕೆ ಎಳೆದು ಹೊಡೆದ್ವಿ. ಈ ಸಲ ಷ, ಮ ಎರಡೂ ಬಿಡಿಬಿಡಿಯಾಗಿ ಓದೋ ಹಾಗೆ ಬಂತು, ಹುಡುಗನೇ ಮೊಬೈಲಲ್ಲಿ ಫೋಟೋ ತೆಗೆದ್ಕೊಂಡ.

ಸಂಜೆ ಸಂಘದ ಸೆಕ್ರೆಟರಿ ಬಂದು ಅಕ್ಷರದ ಮೇಲೆ ಉಗುರು ಎಳೆದು ನೋಡಿದ್ರು. “ಒಗೆದ್ರೆ ಹೋಗಲ್ಲ ತಾನೇನಮ್ಮಾ?” 160ರಿಂದ 170 ಡಿಗ್ರಿ ಬಿಸೀಲಿ ಪ್ರೆಸ್ ಮಾಡಿದೀವಿ ಸರ್, ಒಳಭಾಗ ಹೊರಗೆ ಮಾಡಿ ತಣ್ಣೀರಲ್ಲಿ ಒಗೀರಿ, ಪ್ರಿಂಟ್ ಮೇಲೆ ಇಸ್ತ್ರಿ ಬೇಡ ಅಂದೆ. ಮೊಮ್ಮಗನಿಗೂ ಒಂದು ಬೇಕಿತ್ತಂತೆ, ಹಬ್ಬಕ್ಕೆ ಅಂಗಡಿ ಮುಚ್ಚಿರ್ತೀರೇನೋ ಅಂತ ಸಂಕೋಚಪಟ್ಕೊಂಡ್ರು. ಮುಚ್ಚಿದ್ರೂ ಬಿಳಿ ಇಂಕ್ ಅಲ್ಲಾಡಿಸೋಕೆ ದಿನಾ ಬೆಳಿಗ್ಗೆ ಬರಲೇಬೇಕು ಸರ್, ಹೆಸರು ಬರೆದುಕೊಟ್ಟು ಹೋಗಿ ಅಂದೆ.