ಸ್ಟೆಂಟ್ ಸರಿಯಿದ್ದರೂ ಅಪ್ಪಾಜಿ ಏಕೆ ಹೊರಗೆ ಬರುವುದಿಲ್ಲ?

ದಾವಣಗೆರೆಯಲ್ಲಿ ಔಷಧ ಅಂಗಡಿ ನಡೆಸುವ ನನಗೆ ಈ ಪ್ರಶ್ನೆ ಹಾಕುವವರು ಹೆಚ್ಚಾಗಿ ಮಕ್ಕಳು, ಸೊಸೆಯಂದಿರು. "ಅಣ್ಣಾ, ಅಪ್ಪಾಜಿಯ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಎಂಬ ಕೊಳವೆ ಹಾಕಿಸಿದ್ದೇವೆ. ಎಕೋ, ಇಸಿಜಿ ಎಲ್ಲ ಸರಿಯಿದೆ ಎನ್ನುತ್ತಾರೆ ಡಾಕ್ಟರು. ಕೊರೊನಾ ಮುಗಿದು ಎಷ್ಟು ಕಾಲವಾಯಿತು! ಅಪ್ಪಾಜಿ ಮಾತ್ರ ಹೊಸ್ತಿಲು ದಾಟುವುದಿಲ್ಲ. ಯಾಕೆ?"

ಒಳಗಿರಿ ಎಂದು ಅವರಿಗೆ ಹೇಳಿದ್ದು ನಾವೇ ಅಲ್ಲವೇ? 65 ದಾಟಿದವರು, ಬೇರೆ ಕಾಯಿಲೆ ಇರುವವರು ಮನೆಯಲ್ಲೇ ಇರಬೇಕೆಂದು 2020ರ ಮೇ ತಿಂಗಳಲ್ಲಿ ಕೇಂದ್ರದ ಮಾರ್ಗಸೂಚಿಯೇ ಹೇಳಿತ್ತು. ಸಂಜೆಯ ಸುದ್ದಿಯಲ್ಲಿ ಸತ್ತವರ ವಯಸ್ಸಿನ ಜೊತೆ ಅವರಿಗಿದ್ದ ಹೃದ್ರೋಗ, ಸಕ್ಕರೆ ಕಾಯಿಲೆಯನ್ನೂ ಓದುತ್ತಿದ್ದರು. ಗಟ್ಟಿಮುಟ್ಟಾಗಿದ್ದವರಿಗೆ ಅದು ಸಮಾಧಾನ. ಸ್ಟೆಂಟ್ ಹಾಕಿಸಿಕೊಂಡವರಿಗೆ ತಮ್ಮದೇ ಹೆಸರು ಕರೆದ ಹಾಗೆ. ಎರಡನೇ ಅಲೆ ಇಳಿದು ಕೊಂಚ ಧೈರ್ಯ ಬಂತು ಎನ್ನುವಷ್ಟರಲ್ಲಿ, 2021ರ ಅಕ್ಟೋಬರ್ 29ರಂದು, ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ 46ನೇ ವಯಸ್ಸಿಗೇ ಹೋಗಿಬಿಟ್ಟರು. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು. ಮೊದಲೇ ಹೆದರಿದ್ದವರು ಮತ್ತಷ್ಟು ಒಳಗೆ ಸರಿದರು.

ಔಷಧ ತಲುಪಿಸಲು ಒಬ್ಬ ನಿವೃತ್ತ ಮೇಷ್ಟರ ಮನೆಗೆ ಹೋಗುತ್ತಿದ್ದೆ. ಗೋಡೆಯ ಕ್ಯಾಲೆಂಡರಿನ ಒಂದೊಂದು ಚೌಕದಲ್ಲೂ ಪೆನ್ಸಿಲಿನಲ್ಲಿ ಬರೆದ ನಾಡಿಬಡಿತದ ಅಂಕಿಗಳು, ನಡುರಾತ್ರಿಯವೂ ಇದ್ದವು. ನಾಡಿ ಹೆಚ್ಚಿರಬಹುದು ಎಂಬ ಭಯಕ್ಕೇ ನಾಡಿ ಏರುತ್ತದೆ. ಏರಿದ್ದನ್ನು ಕಂಡು ಆಕ್ಸಿಮೀಟರ್ ಮತ್ತೆ ಬೆರಳಿಗೆ. ಎದೆ ಹೊಡೆದುಕೊಳ್ಳುವುದು, ಉಸಿರು ಸಾಲದಿರುವುದು, ಬೆವರು, ಇವೆಲ್ಲ ಗಾಬರಿಯಲ್ಲೂ ಬರುತ್ತವೆ, ಹೃದಯದ ತೊಂದರೆಯಲ್ಲೂ ಬರುತ್ತವೆ. ಮನೆಯಲ್ಲಿ ಕುಳಿತು ಇದು ಗಾಬರಿಯೇ, ಇದು ಹೃದಯದ್ದೇ ಎಂದು ತೀರ್ಮಾನಿಸಬೇಡಿ. ಎದೆನೋವು ಬಂದರೆ ಮೊದಲು ಆಸ್ಪತ್ರೆ, ಮನಸ್ಸಿನ ಮಾತು ಆಮೇಲೆ. ಲಾಕ್‌ಡೌನಿನಲ್ಲಿ ಆಸ್ಪತ್ರೆಗೆ ಹೆದರಿ, ಗ್ಯಾಸ್ ಎಂದುಕೊಂಡು ಕುಳಿತವರು ಕಡಿಮೆಯಿಲ್ಲ.

ಕೊರೊನಾ ಬರುವ ಮುಂಚೆಯೂ ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರನ್ನು ಖಿನ್ನತೆ ಕಾಡುತ್ತಿತ್ತು. ಒಂಟಿತನ ಅದಕ್ಕೆ ಗೊಬ್ಬರ ಹಾಕಿತು, ಅಷ್ಟೇ. ಖಿನ್ನತೆಗೆ ಬಿದ್ದವರು ನಡೆಯುವುದನ್ನು ಬಿಡುತ್ತಾರೆ, ಮಾತ್ರೆ ತಪ್ಪಿಸುತ್ತಾರೆ. ನನಗೆ ಅದು ಬೇಗ ತಿಳಿಯುತ್ತದೆ: ತಿಂಗಳಿಗೆಂದು ಒಯ್ದ ಮಾತ್ರೆ ತೀರಬೇಕಾದ ದಿನ ತೀರುವುದಿಲ್ಲ. ಹಾಗಾದಾಗ ಬೈಯಬೇಡಿ, ವೈದ್ಯರಿಗೆ ತಿಳಿಸಿ.

"ಧೈರ್ಯವಾಗಿರಿ" ಎಂಬ ಉಪದೇಶವನ್ನೂ ನಿಲ್ಲಿಸಿ. ಎಷ್ಟು ನಡೆಯಬಹುದು ಎಂಬುದನ್ನು ವೈದ್ಯರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ನಮ್ಮ ಕಡೆಯ ಅಪ್ಪಂದಿರು ಮಗನ ಮಾತು ಕೇಳದಿದ್ದರೂ ಚೀಟಿಯ ಮಾತು ಕೇಳುತ್ತಾರೆ. ಮೊದಲು ಬೀದಿಯ ತುದಿಯವರೆಗೆ, ರೂಢಿಯಾದ ಮೇಲೆ ಕುಂದುವಾಡ ಕೆರೆಗೆ. ಜೊತೆಗೆ ಮಗನಿಗಿಂತ ಹಳೆಯ ಸ್ನೇಹಿತರೊಬ್ಬರಿದ್ದರೆ ಮೇಲು.

ನಿದ್ದೆ, ಊಟ, ಮಾತು ಯಾವುದೂ ಬೇಡವೆಂದು ಎರಡು ವಾರ ಕಳೆದರೆ ಮನೋವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಮಾತನಾಡಬಹುದು. ಹೃದಯದ ಮಾತ್ರೆಗಳ ಚೀಟಿಯನ್ನು ಮನೋವೈದ್ಯರಿಗೂ ತೋರಿಸಿ. ಖಿನ್ನತೆಯ ಕೆಲವು ಮಾತ್ರೆಗಳು ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳ ಜೊತೆ ಸೇರಿದರೆ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ಹಾಗೆಯೇ, "ಒಂದು ನಿದ್ದೆ ಮಾತ್ರೆ ಕೊಟ್ಟುಬಿಡಿ ಅಣ್ಣಾ" ಎಂದು ಚೀಟಿಯಿಲ್ಲದೆ ಬರಬೇಡಿ. ಕೊಡುವುದಿಲ್ಲ.