ಹದಿನೇಳು, ಹದಿನೆಂಟನೆಯ ಶತಮಾನಗಳ ಅಮೆರಿಕನ್ನರ ಆದರ್ಶ ಸ್ವಾತಂತ್ರ್ಯವೇ ತಾನೇ?

ಅಮೆರಿಕದ ಸಾಹಿತ್ಯ ಪಾಠ ಮಾಡುವವಳೆಂದು ಗೊತ್ತಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ವಿದ್ಯಾರ್ಥಿಗಳು ಪರೀಕ್ಷೆಗೆಂದು ಕೇಳುತ್ತಾರೆ. ಮಕ್ಕಳ ಮನೆಗೆಂದು ನ್ಯೂಜೆರ್ಸಿಗೆ ಹೋಗಿ ಬಂದ ನೆಂಟರು ಕುತೂಹಲಕ್ಕೆ ಕೇಳುತ್ತಾರೆ. ಸ್ವಾತಂತ್ರ್ಯದ ಕೂಗು ಅಲ್ಲಿನ ಬರಹದಲ್ಲಿ ಜೋರಾದದ್ದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೂ ನೂರು ವರ್ಷ ಮೊದಲೇ ಅಲ್ಲಿ ಬೇರೂರಿದ್ದು ಆತ್ಮಪರೀಕ್ಷೆ. ಒಪ್ಪಿಕೊಂಡ ವ್ರತಕ್ಕೆ ತಕ್ಕಂತೆ ಬದುಕುತ್ತಿದ್ದೇನೆಯೇ ಎಂದು ದಿನವೂ ಲೆಕ್ಕ ಹಾಕುವ ಗೀಳು ಎಂದರೂ ಸರಿಯೇ.

'ಬೆಟ್ಟದ ಮೇಲಿನ ಪಟ್ಟಣ' ಎಂಬ ಮಾತನ್ನು ಅಧ್ಯಕ್ಷರಾದ ಕೆನಡಿ, ರೇಗನ್ ಭಾಷಣಗಳಲ್ಲಿ ಕೇಳಿದವರಿಗೆ ಅದು ಹೆಮ್ಮೆಯ ಮಾತಾಗಿ ಕಾಣುತ್ತದೆ. 1630ರಲ್ಲಿ ಮ್ಯಾಸಚೂಸೆಟ್ಸಿಗೆ ವಲಸೆ ಹೊರಟ ಪ್ಯೂರಿಟನ್ನರಿಗಾಗಿ (ಕಟ್ಟುನಿಟ್ಟಿನ ಇಂಗ್ಲಿಷ್ ಪ್ರಾಟೆಸ್ಟೆಂಟರು) ಅದನ್ನು ಬೈಬಲ್ಲಿನಿಂದ ಎತ್ತಿಕೊಂಡ ಅವರ ಮುಖಂಡ ಜಾನ್ ವಿಂತ್ರೋಪ್ ಹೇಳಿದ್ದು ಎಚ್ಚರಿಕೆಯನ್ನು. ಲೋಕದ ಕಣ್ಣು ನಮ್ಮ ಮೇಲಿದೆ, ದೇವರಿಗೆ ಕೊಟ್ಟ ಮಾತಿಗೆ ತಪ್ಪಿದರೆ ಊರ ಬಾಯಿಗೆ ಬೀಳುತ್ತೇವೆ ಎಂದು. ಅದೇ ಉಪದೇಶ ಆರಂಭವಾಗುವುದು ಕೆಲವರನ್ನು ಸಿರಿವಂತರನ್ನಾಗಿಯೂ ಕೆಲವರನ್ನು ಬಡವರನ್ನಾಗಿಯೂ ಮಾಡಿದವನು ದೇವರೇ ಎಂಬ ಮಾತಿನಿಂದ. ಸಮಾನತೆ ಹುಡುಕಿ ಹೋದವರಿಗೆ ಮೊದಲ ಸಾಲಿನಲ್ಲೇ ನಿರಾಸೆ.

ನನಗೆ ಹೆಚ್ಚು ಪ್ರಿಯಳಾದವಳು ಅದೇ ವರ್ಷ ಕಡಲು ದಾಟಿ ಬಂದ ಕವಯಿತ್ರಿ ಆನ್ ಬ್ರಾಡ್‌ಸ್ಟ್ರೀಟ್. ಎಂಟು ಮಕ್ಕಳ ತಾಯಿ. ಕೈಗೆ ಸೂಜಿಯೇ ಸರಿ, ಲೇಖನಿಯಲ್ಲ ಎನ್ನುವವರಿಗೆ ಪದ್ಯದಲ್ಲೇ ಉತ್ತರ ಕೊಟ್ಟವಳು. 1666ರ ಜುಲೈನಲ್ಲಿ ಅವಳ ಮನೆ ಸುಟ್ಟುಹೋಯಿತು. ಆ ಬಗ್ಗೆ ಬರೆದ ಕವಿತೆಯಲ್ಲಿ, ಕೊಟ್ಟವನೇ ತೆಗೆದುಕೊಂಡ ಎಂದು ಮೊದಲು ದೇವರಿಗೆ ತಲೆಬಾಗುತ್ತಾಳೆ. ಪ್ಯೂರಿಟನ್ ಆದರ್ಶದ ಪ್ರಕಾರ ಕವಿತೆ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯುವುದಿಲ್ಲ. ಬೂದಿಯ ಪಕ್ಕ ಹಾದುಹೋಗುವಾಗ ಅವಳ ಕಣ್ಣು ಮತ್ತೆ ಮತ್ತೆ ಅತ್ತ ಹೊರಳುತ್ತದೆ: ಇಲ್ಲಿ ಕೂರುತ್ತಿದ್ದೆ, ಇಲ್ಲಿ ಮಲಗುತ್ತಿದ್ದೆ, ಪೆಟ್ಟಿಗೆ ಇದ್ದದ್ದು ಅಲ್ಲಿ. ಇನ್ನು ಯಾವ ಅತಿಥಿಯೂ ಆ ಮೇಜಿಗೆ ಬರುವುದಿಲ್ಲ. ಆಮೇಲೆ, ನಿನ್ನ ಸಂಪತ್ತು ಇದ್ದದ್ದು ಈ ಮಣ್ಣಿನಲ್ಲೇನು ಎಂದು ತನ್ನನ್ನೇ ಗದರಿಸಿಕೊಳ್ಳುತ್ತಾಳೆ. ಕೊನೆಗೆ ಪರಲೋಕವೇ ಗೆಲ್ಲುತ್ತದೆ. ಆದರೆ ನನ್ನ ಮನಸ್ಸು ಉಳಿಯುವುದು ಆ ಪೆಟ್ಟಿಗೆಯ ಹತ್ತಿರ.

ಪಾದ್ರಿ ಜೊನಾಥನ್ ಎಡ್ವರ್ಡ್ಸ್ 1741ರಲ್ಲಿ ನರಕದ ಭಯ ಹುಟ್ಟಿಸಿ ಮಾಡಿದ ಉಪದೇಶ ಪಠ್ಯಗಳಲ್ಲಿ ತಪ್ಪದೆ ಇರುತ್ತದೆ. ಒಮ್ಮೆ ಓದಿದರೆ ಸಾಕು.

ಬೆಂಜಮಿನ್ ಫ್ರಾಂಕ್ಲಿನ್ ಹೊತ್ತಿಗೆ ಲೆಕ್ಕ ಮುಂದುವರಿಯಿತು, ತೀರ್ಪುಗಾರ ಬದಲಾದ. ಹದಿಮೂರು ಸದ್ಗುಣಗಳ ಪಟ್ಟಿ, ಪ್ರತಿಯೊಂದಕ್ಕೂ ಒಂದು ಪುಟ, ವಾರದ ಏಳು ದಿನಕ್ಕೆ ಏಳು ಕಾಲಂ, ತಪ್ಪಿದಾಗಲೆಲ್ಲ ಕಪ್ಪು ಚುಕ್ಕೆ. ಪಟ್ಟಿಯಲ್ಲಿ ಮೊದಲು ಇದ್ದದ್ದು ಹನ್ನೆರಡೇ. ನಿನಗೆ ಅಹಂಕಾರ ಜಾಸ್ತಿ ಎಂದು ಕ್ವೇಕರ್ ಎಂಬ ಕ್ರೈಸ್ತ ಪಂಥದ ಗೆಳೆಯನೊಬ್ಬ ಹೇಳಿದ ಮೇಲೆ ವಿನಯವನ್ನೂ ಸೇರಿಸಿದ. ನಿಜವಾದ ವಿನಯ ಅಷ್ಟಾಗಿ ದಕ್ಕಲಿಲ್ಲ, ತೋರಿಕೆಯ ವಿನಯ ಚೆನ್ನಾಗಿಯೇ ದಕ್ಕಿತು ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಇಂದಿನ ವ್ಯಕ್ತಿತ್ವ ವಿಕಸನದ ಪುಸ್ತಕಗಳಿಗೆ ಈ ತುಂಟತನ ಬರಲಿಲ್ಲ, ಚುಕ್ಕೆಗಳಷ್ಟೇ ಬಂದವು.

ಇನ್ನು ಸ್ವಾತಂತ್ರ್ಯ. ಬ್ರಿಟನ್ನಿನಿಂದ ಬಿಡುಗಡೆ ಸಾರಿದ 1776ರ ಘೋಷಣೆಯ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸುವ ಭಾಗವಿತ್ತು. ಕಾಂಗ್ರೆಸ್, ಅಂದರೆ ವಸಾಹತುಗಳ ಪ್ರತಿನಿಧಿ ಸಭೆ, ಅದನ್ನು ತೆಗೆದುಹಾಕಿತು. ಬರೆದ ಜೆಫರ್ಸನ್ ಸ್ವತಃ ಗುಲಾಮರ ಒಡೆಯ. ಅವನ ಲೆಕ್ಕವನ್ನು ಅವನಿಗಿಂತ ಮೊದಲೇ ತೆಗೆದವಳು ಫಿಲಿಸ್ ವೀಟ್ಲಿ. 1761ರಲ್ಲಿ ಪಶ್ಚಿಮ ಆಫ್ರಿಕಾದಿಂದ ತಂದು ಬಾಸ್ಟನ್ನಿನಲ್ಲಿ ಗುಲಾಮಳಾಗಿ ಮಾರಿದ ಹುಡುಗಿ. 1773ರಲ್ಲಿ ಲಂಡನ್ನಿನಲ್ಲಿ ಅವಳ ಕವನ ಸಂಕಲನ ಅಚ್ಚಾದಾಗ, ಇವು ಇವಳೇ ಬರೆದವು ಎಂದು ಬಾಸ್ಟನ್ನಿನ 18 ಗಣ್ಯರು ಸಹಿ ಹಾಕಿಕೊಡಬೇಕಾಯಿತು. ಜೆಫರ್ಸನ್ ಮುಂದೆ ಅವಳ ಕವಿತೆಗಳು ವಿಮರ್ಶೆಗೂ ಅರ್ಹವಲ್ಲ ಎಂದು ಬರೆದ.

ಅವನ ಘೋಷಣೆಗೆ ಎರಡು ವರ್ಷ ಮೊದಲು, ಅಮೆರಿಕದ ಮೂಲನಿವಾಸಿ ಮೊಹಿಗನ್ ಜನಾಂಗದ ಪಾದ್ರಿ ಸ್ಯಾಮ್ಸನ್ ಆಕಮ್‌ಗೆ ಅವಳು ಬರೆದ ಪತ್ರ ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಸ್ವಾತಂತ್ರ್ಯದ ಹಂಬಲವನ್ನು ದೇವರು ಪ್ರತಿ ಮನುಷ್ಯನ ಎದೆಯಲ್ಲೂ ನೆಟ್ಟಿದ್ದಾನೆ ಎನ್ನುತ್ತಾಳೆ. ತಮಗೆ ಸ್ವಾತಂತ್ರ್ಯ ಬೇಕೆಂದು ಕೂಗುತ್ತ ಇತರರನ್ನು ತುಳಿಯುವವರ ನುಡಿಗೂ ನಡೆಗೂ ಎಷ್ಟು ಹೊಂದಿಕೆ ಎಂದು ತಿಳಿಯಲು ತತ್ವಜ್ಞಾನಿಯ ಸೂಕ್ಷ್ಮದೃಷ್ಟಿಯೇನೂ ಬೇಕಿಲ್ಲ ಎಂದು ಬಹಳ ವಿನಯದಿಂದ ಸೇರಿಸುತ್ತಾಳೆ. ಪರೀಕ್ಷೆಗೆ ಘೋಷಣೆ ಓದುವವರು ಇದನ್ನೂ ಓದಿಕೊಳ್ಳಿ. ಪತ್ರ ಚಿಕ್ಕದು.