ಹಳದಿಗೆ ತಿರುಗಿದ ನೀರು

ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಲು ಸೇರಿದ ಹೊಸದರಲ್ಲಿ, ಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ನಾನು ನಾಚಿಕೆಯೆಂದೇ ತಿಳಿದಿದ್ದೆ. ಎಂಟನೇ ತರಗತಿಯ ಇಬ್ಬರು ಹುಡುಗಿಯರು ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ವಿಷಯ ಹುಡುಕುತ್ತಾ ಬಂದು, "ಮಿಸ್, ನಮ್ಮೂರ ನೀರಿನ ಮೇಲೇ ಮಾಡ್ತೀವಿ" ಎಂದಾಗ ಕಾರಣ ಗೊತ್ತಾಯಿತು. ಅವರಲ್ಲಿ ಒಬ್ಬಳು ಕೈ ತೆಗೆದು ತನ್ನ ಹಲ್ಲನ್ನು ತೋರಿಸಿದಳು. ಮುಂದಿನ ಎರಡು ಹಲ್ಲುಗಳ ಮೇಲೆ ಸುಣ್ಣ ಹಚ್ಚಿದಂತಹ ಮಚ್ಚೆಗಳಿದ್ದವು, ಅವುಗಳ ನಡುವೆ ಕಂದು ಗೆರೆಗಳು ಅಡ್ಡಲಾಗಿ ಹಾದಿದ್ದವು.

1993ರಿಂದ ನಡೆದುಕೊಂಡು ಬಂದಿರುವ ಈ ಸಮಾವೇಶವನ್ನು ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸಂಘಟಿಸುತ್ತದೆ. 10ರಿಂದ 17 ವರ್ಷದ ಮಕ್ಕಳು ತಮ್ಮ ಸುತ್ತಲಿನ ಒಂದು ಸಮಸ್ಯೆಯನ್ನು ಆರಿಸಿಕೊಂಡು, ಮನೆಮನೆಗೆ ಹೋಗಿ ಮಾಹಿತಿ ಕಲೆಹಾಕಿ, ಪ್ರಯೋಗ ಮಾಡಿ, ದಿನದಿನದ ಕೆಲಸವನ್ನು ಲಾಗ್ ಪುಸ್ತಕದಲ್ಲಿ ಬರೆದಿಡಬೇಕು. ಥರ್ಮೋಕೋಲಿನ ಮಾದರಿ ಮಾಡಿ ದೀಪ ಹೊತ್ತಿಸುವ ಪ್ರದರ್ಶನಕ್ಕಿಂತ ಇದು ಎಷ್ಟೋ ಮೇಲೆಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಭಾಗದ ನೆಲದಡಿ ಇರುವುದು ಗಟ್ಟಿ ಗ್ರಾನೈಟ್ ಶಿಲೆ. ಮಳೆ ಕಡಿಮೆಯಾಗಿ ಬೋರ್‌ವೆಲ್ಲುಗಳು ಆಳಕ್ಕಿಳಿದಂತೆಲ್ಲ, ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಅಲ್ಲಿನ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಂಡ ನೀರು ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಇರಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದರೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ಆಮೇಲೆ ನೀರು ಬದಲಿಸಿದರೂ ಆ ಕಲೆ ಹೋಗುವುದಿಲ್ಲ. ಹೆಚ್ಚಿನ ಪ್ರಮಾಣದಲ್ಲಿ ವರ್ಷಗಟ್ಟಲೆ ಕುಡಿದವರಿಗೆ ಮೂಳೆ, ಕೀಲುಗಳು ಬಿಗಿಯುತ್ತವೆ. ಆ ಹುಡುಗಿಯ ಅಜ್ಜಿಗೆ ಕತ್ತು ಹೊರಳುತ್ತಿರಲಿಲ್ಲ, ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದರು.

ಗ್ರಾಮ ಪಂಚಾಯಿತಿಯಲ್ಲಿದ್ದ ನೀರು ಪರೀಕ್ಷೆಯ ಕಿಟ್ಟನ್ನು ಕೇಳಿ ತಂದೆವು. ಪುಟ್ಟ ಕೊಳವೆಯಲ್ಲಿ ಗುರುತಿನವರೆಗೆ ನೀರು ತುಂಬಿ, ದ್ರಾವಣ ಬೆರೆಸಿ, ಬಂದ ಬಣ್ಣವನ್ನು ಪಟ್ಟಿಯ ಪಕ್ಕ ಹಿಡಿದು ನೋಡಬೇಕು. ಫ್ಲೋರೈಡ್ ಇಲ್ಲದಿದ್ದರೆ ಗುಲಾಬಿ ಬಣ್ಣವೇ ಉಳಿಯುತ್ತದೆ, ಹೆಚ್ಚಿದಂತೆ ಹಳದಿಗೆ ತಿರುಗುತ್ತದೆ. ಹುಡುಗಿಯರು ಊರಿನ ಒಂದೊಂದು ಬೋರ್‌ವೆಲ್ಲಿನ ನೀರನ್ನೂ ತೊಳೆದ ಪ್ಲಾಸ್ಟಿಕ್ ಬಾಟಲಿಗೆ ಹಿಡಿದು, ಚೀಟಿ ಅಂಟಿಸಿ ತಂದರು. ಶಾಲೆಯ ಜಗುಲಿಯ ಮೇಲೆ ಸಾಲಾಗಿ ಇಟ್ಟ ಕೊಳವೆಗಳು ಒಂದಾದ ಮೇಲೊಂದು ಹಳದಿಯಾಗುತ್ತಾ ಹೋದಾಗ, ಅಷ್ಟು ಹೊತ್ತೂ ಗಲಗಲ ಮಾತಾಡುತ್ತಿದ್ದ ಮಕ್ಕಳು ಸುಮ್ಮನಾದರು.

ನುಗ್ಗೆ ಬೀಜದ ಪುಡಿಯಿಂದ ನೀರು ಶುದ್ಧವಾಗುತ್ತದೆಂದು ಓದಿದ್ದ ಅವರು ಅದನ್ನೇ ಪರಿಹಾರವಾಗಿ ತೋರಿಸಬೇಕೆಂದಿದ್ದರು. ಪುಡಿ ಹಾಕಿದಾಗ ಕೆರೆಯ ಬಗ್ಗಡ ನೀರು ತಿಳಿಯಾಯಿತು. ಬೋರ್‌ವೆಲ್ ನೀರಿನ ಹಳದಿ ಮಾತ್ರ ಹಾಗೆಯೇ ಉಳಿಯಿತು. ಮೂರು ಸಲ ಮಾಡಿದರೂ ಅದೇ ಫಲಿತಾಂಶ. ಜಿಲ್ಲಾ ಮಟ್ಟಕ್ಕೆ ಹದಿನೈದು ದಿನವಷ್ಟೇ ಉಳಿದಿದ್ದರಿಂದ ನಾನು, "ತಿಳಿಯಾದದ್ದನ್ನು ಮಾತ್ರ ಬರೆಯೋಣ" ಎಂದೆ. ಆ ಹುಡುಗಿ ಲಾಗ್ ಪುಸ್ತಕವನ್ನು ನನ್ನ ಮುಂದಿಟ್ಟು, "ಆಗ್ಲಿಲ್ಲ ಅಂತ ಮೂರು ದಿನ ಬರ್ದಿದ್ದೀನಲ್ಲ ಮಿಸ್" ಎಂದಳು. ಅವಳು ಹೇಳಿದ್ದೇ ಸರಿಯಾಗಿತ್ತು. ಆ ಮಾತಿಗೆ ಇಂದಿಗೂ ನಾನು ಋಣಿಯಾಗಿದ್ದೇನೆ. ಬಳಿಕ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ ನಲ್ಗೊಂಡ ವಿಧಾನವನ್ನು ಪ್ರಯತ್ನಿಸಿದೆವು. ನೀರಿಗೆ ಸುಣ್ಣ ಮತ್ತು ಪಟಿಕವನ್ನು ಅಳತೆಯಂತೆ ಬೆರೆಸಿ, ನಿಧಾನವಾಗಿ ಕಲಕಿ, ಗಷ್ಟು ತಳಕ್ಕಿಳಿದ ಮೇಲೆ ಮೇಲಿನ ನೀರನ್ನು ಬಸಿದುಕೊಳ್ಳುವ ಕ್ರಮವದು. ಈ ಬಾರಿ ಹಳದಿ ಕಡಿಮೆಯಾಯಿತು. ಆದರೆ ಅಳತೆ ತಪ್ಪಿದರೆ ಅಲ್ಯೂಮಿನಿಯಂ ನೀರಿನಲ್ಲೇ ಉಳಿಯುವ ಭಯವಿದೆ, ಗಷ್ಟನ್ನು ಎಲ್ಲಿ ಚೆಲ್ಲುವುದೆಂಬ ಪ್ರಶ್ನೆಯೂ ಇದೆ. ಇವೆರಡನ್ನೂ ಅವರು ವರದಿಯಲ್ಲಿ ಸೇರಿಸಿದರು.

ನಿಜವಾಗಿ ನಮ್ಮನ್ನು ಅಲುಗಾಡಿಸಿದ ಸಂಗತಿ ಸಿಕ್ಕಿದ್ದು ಮನೆಗಳ ಸಮೀಕ್ಷೆಯಲ್ಲಿ. ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಬೋರ್‌ವೆಲ್ ನೀರನ್ನು ಚೆನ್ನಾಗಿ ಕಾಯಿಸಿ ಕುಡಿಸುತ್ತಿದ್ದರು. ಬೆಳಿಗ್ಗೆ ಒಲೆಯ ಮೇಲಿಟ್ಟ ಪಾತ್ರೆ ಅಡುಗೆ ಮುಗಿಯುವವರೆಗೂ ಅಲ್ಲೇ ಕುದಿಯುತ್ತಿತ್ತು. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಎಲ್ಲಿಗೂ ಹೋಗುವುದಿಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಅದು ಗಾಢವಾಗುತ್ತದೆ. ಹುಡುಗಿಯರು ಎರಡು ಲೀಟರ್ ನೀರನ್ನು ಒಂದು ಲೀಟರಿಗೆ ಇಳಿಯುವವರೆಗೆ ಕುದಿಸಿ, ಆರಿಸಿ, ಕಾಯಿಸದ ನೀರಿನ ಪಕ್ಕದಲ್ಲೇ ಪರೀಕ್ಷಿಸಿದರು. ಕಾಯಿಸಿದ ನೀರಿನ ಕೊಳವೆಯ ಹಳದಿ ಬರಿಗಣ್ಣಿಗೇ ಗಾಢವಾಗಿ ಕಾಣುತ್ತಿತ್ತು. ಪೋಷಕರ ಸಭೆಯಲ್ಲಿ "ನೀರು ಚೆನ್ನಾಗಿ ಕುದಿಸಿ ಕೊಡಿ" ಎಂದು ಕೈಮುಗಿದು ಕೇಳಿಕೊಂಡವಳು ನಾನೇ. ಎಷ್ಟು ಹೊತ್ತು, ಯಾವ ನೀರು ಎಂಬುದನ್ನು ಹೇಳಿರಲಿಲ್ಲ. ಆ ದಿನ ಸಂಜೆ ನನಗೆ ಊಟ ಸೇರಲಿಲ್ಲ.

ಜಿಲ್ಲಾ ಮಟ್ಟದಲ್ಲಿ ತೀರ್ಪುಗಾರರೊಬ್ಬರು, "ನುಗ್ಗೆ ಬೀಜ ಫೇಲ್ ಆಗಿದ್ದನ್ನ ಯಾಕೆ ತಂದಿದ್ದೀರಿ?" ಎಂದು ಕೇಳಿದರು. ನಮ್ಮ ತಂಡ ರಾಜ್ಯಮಟ್ಟಕ್ಕೆ ಹೋಗಲಿಲ್ಲ. ಮಕ್ಕಳಿಗಿಂತ ಹೆಚ್ಚು ನೊಂದವಳು ನಾನು.

ಮುಂದಿನ ವಾರ ಆ ಹುಡುಗಿಯ ಮನೆಗೆ ಹೋಗಿದ್ದೆ. ಅವಳ ತಮ್ಮನಿಗೆ ಆಗ ಮೂರು ವರ್ಷ, ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುತ್ತಿರುವ ವಯಸ್ಸು. ಶುದ್ಧ ನೀರಿನ ಘಟಕದಿಂದ ತಂದ ಫಿಲ್ಟರ್ ನೀರಿನ ಬಿಂದಿಗೆಯೊಂದನ್ನು ಅಡುಗೆಮನೆಯ ಮೂಲೆಯಲ್ಲಿ ಬೇರೆಯಾಗಿ ಇಟ್ಟು, ಕೊರಳಿಗೆ ಕೆಂಪು ದಾರ ಕಟ್ಟಿದ್ದರು. ಘಟಕ ದೂರವಿದ್ದುದರಿಂದ ಸದ್ಯಕ್ಕೆ ಅದು ತಮ್ಮನಿಗೆ ಮಾತ್ರ. ಅವಳ ತಾಯಿ ಒಲೆಯ ಮುಂದೆ ಕುಳಿತು, ಪಾತ್ರೆ ಕೈಯಲ್ಲಿ ಹಿಡಿದೇ ನನ್ನನ್ನು ಕೇಳಿದರು: "ಹಂಗಾದ್ರೆ ಮೇಡಂ, ಮುದ್ದೆಗೆ ಎಸರಿಡಕ್ಕೆ ಯಾವ ನೀರು?"

ಮುದ್ದೆಯಾಗಲಿ ಅನ್ನವಾಗಲಿ ಎಸರನ್ನೆಲ್ಲ ಹೀರಿಕೊಳ್ಳುತ್ತದೆ, ನೀರಿನಲ್ಲಿದ್ದದ್ದು ತುತ್ತಿನಲ್ಲೂ ಇರುತ್ತದೆ. ಹಾಗೆಂದು ನಾನು ವಿವರಿಸುತ್ತಿದ್ದಾಗ ಹುಡುಗಿ ಒಳಗಿನಿಂದ ಲಾಗ್ ಪುಸ್ತಕ ತಂದು, ಖಾಲಿ ಪುಟ ತೆರೆದು, ಮೇಲ್ಗಡೆ ದಿನಾಂಕ ಹಾಕಿ, ಕೆಳಗೆ "ಎಸರು" ಎಂದು ಬರೆದಳು.